ಕೀಟೋ ಚೆಕ್ ಮಾಡೋಕೆ ಊದೋ ಮೀಟರ್ರಾ, ಯೂರಿನ್ ಸ್ಟ್ರಿಪ್ಪಾ, ಬ್ಲಡ್ ಮೀಟರ್ರಾ?

ಡಾಕ್ಟ್ರು ಹೇಳಿದ ಕೀಟೋ ಡಯಟ್‌ನ (ಅನ್ನ, ಸಕ್ಕರೆ ಥರದ್ದು ತೀರಾ ಕಮ್ಮಿ, ಕೊಬ್ಬು ಜಾಸ್ತಿ ಇರೋ ಊಟ) ನಿಮ್ಮಪ್ಪ ಸರಿಯಾಗಿ ಮಾಡ್ತಿದಾರಾ ಅಂತ ನೋಡೋಕೆ ಯಾವ್ದು ತಗೊಳ್ಳೋದು ಅಂತ ಕೇಳಿದ್ರಲ್ಲ, ನಂಗೆ ಗೊತ್ತಿರೋದು ಹೇಳ್ತೀನಿ. ಈ ಮೂರೂ ನೋಡೋದು ದೇಹ ಕೊಬ್ಬು ಕರಗಿಸುವಾಗ ಹುಟ್ಟೋ ಕೀಟೋನ್‌ಗಳನ್ನ.

ಖರ್ಚು ನೋಡಿದ್ರೆ ಯೂರಿನ್ ಸ್ಟ್ರಿಪ್ಪೇ ಅಗ್ಗ. ಬ್ಲಡ್ ಮೀಟರ್‌ಗೆ ಪ್ರತಿ ಸಲ ಹೊಸ ಸ್ಟ್ರಿಪ್ ಬೇಕು, ಅದು ದುಬಾರಿ, ಬೆರಳೂ ಚುಚ್ಚಬೇಕು. ಊದೋದಕ್ಕೆ ಒಂದೇ ಸಲ ದುಡ್ಡು, ಆದ್ರೆ ಸೆನ್ಸಾರ್ ಕಾಲಕ್ರಮೇಣ ಸವೆಯುತ್ತೆ.

ನಂಬಿಕೆ ವಿಷ್ಯದಲ್ಲಿ ಬ್ಲಡ್ಡೇ ಮೇಲು, ಲೀಟರ್‌ಗೆ 0.5 ರಿಂದ 3 ಮಿಲಿಮೋಲ್ ಬಂದ್ರೆ ಕೀಟೋಸಿಸ್‌ನಲ್ಲಿದಾರೆ, ಅಂದ್ರೆ ದೇಹ ಕೊಬ್ಬು ಕರಗಿಸಿ ಕೀಟೋನ್ ಮಾಡ್ತಿದೆ ಅಂತ ಅರ್ಥ. ಯೂರಿನ್ ಸ್ಟ್ರಿಪ್ ಜಾಸ್ತಿ ನೀರು ಕುಡಿದ್ರೆ ಬಣ್ಣ ತೆಳು ತೋರ್ಸುತ್ತೆ, ಕೆಲವು ವಾರ ಕಳೆದ್ಮೇಲೆ ಡಯಟ್ ಸರಿಯಿದ್ರೂ ಮಂಕಾಗ್ಬೋದು. ಊದೋ ಮೀಟರ್ ಉಸಿರಲ್ಲಿರೋ ಅಸಿಟೋನ್ (ಅದೂ ಒಂದು ಕೀಟೋನೇ) ಹಿಡಿಯುತ್ತೆ, ಆದ್ರೆ ಅಗ್ಗದವು ಆಲ್ಕೋಹಾಲ್‌ಗೂ ಮೋಸ ಹೋಗ್ತವೆ, ಸ್ಯಾನಿಟೈಸರ್ ಹಚ್ಕೊಂಡ ಕೈಯಲ್ಲಿ ಹಿಡಿದು ಊದಿದ್ರೂ ಸಂಖ್ಯೆ ಏರ್ಬೋದು, ಅದೂ ಅಲ್ದೆ ಶ್ವಾಸಕೋಶದ ತಳದ ಗಾಳಿ ಬರೋ ತನಕ ಊದ್ಬೇಕು, ಅರ್ಧಕ್ಕೇ ನಿಲ್ಲಿಸಿದ್ರೆ ಪ್ರಯೋಜನ ಇಲ್ಲ.

ಇನ್ನೊಂದು, ಉಪವಾಸ ಮಾಡಿದ್ರೂ ಅಸಿಟೋನ್ ಏರುತ್ತೆ! ಏಕಾದಶಿ ದಿನ ಮೀಟರ್ 'ಭೇಷ್' ಅನ್ನುತ್ತೆ, ತಟ್ಟೇಲಿ ಏನಿತ್ತು ಅಂತ ಹೇಳಲ್ಲ.

ದಿನಾ ಟ್ರೆಂಡ್ ನೋಡೋಕೆ, ಚುಚ್ಚಿಸ್ಕೊಳ್ಳೋಕೆ ಹೆದರೋರಿಗೆ ಊದೋದು ಚೆನ್ನ. ಮೊದಲ ಎರಡು ವಾರಕ್ಕೆ ಮಾತ್ರ ಅಂದ್ರೆ ಯೂರಿನ್ ಸ್ಟ್ರಿಪ್ ಸಾಕು. ಅಪ್ಪಂಗೆ ಶುಗರ್ ಇದ್ದು ಇನ್ಸುಲಿನ್ ಅಥ್ವಾ ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ತಗೊಳ್ತಿದ್ರೆ ಮಾತ್ರ ಬ್ಲಡ್ ಮೀಟರ್ ಬಿಟ್ಟು ಬೇರೇದು ಬೇಡ, ಡಾಕ್ಟ್ರಿಗೂ ಒಂದ್ಮಾತು ಹೇಳಿಬಿಡಿ.