ಹಾಫ್ ಹೆಲ್ಮೆಟ್‌ನಿಂದ ಫುಲ್ ಫೇಸ್‌ವರೆಗೆ: ಒಂದೇ ರಸ್ತೆ, ನಾಲ್ಕು ಹೆಲ್ಮೆಟ್

ಕೆಂಗೇರಿ ಉಪನಗರದ ಮನೆಯಿಂದ ಬಸವನಗುಡಿಯ ಕಚೇರಿಗೆ ಮೈಸೂರು ರಸ್ತೆಯ ಮೇಲೆ ಸ್ಕೂಟರಿನಲ್ಲಿ ಹೋಗಿಬರುತ್ತ ನನಗೆ ಆರು ವರ್ಷಗಳಾದವು. ಈ ಅವಧಿಯಲ್ಲಿ ನಾಲ್ಕು ಬಗೆಯ ಹೆಲ್ಮೆಟ್‌ಗಳನ್ನು, ಒಂದೊಂದನ್ನೂ ಕೆಲವು ತಿಂಗಳುಗಳಾದರೂ, ನಿತ್ಯ ಧರಿಸಿದ್ದೇನೆ: ರಸ್ತೆಬದಿಯಲ್ಲಿ ಕೊಂಡ, ತಲೆಯ ಮೇಲ್ಭಾಗವನ್ನಷ್ಟೇ ಮುಚ್ಚುವ ಹಾಫ್ ಹೆಲ್ಮೆಟ್, ಕಿವಿ ಮತ್ತು ಕೆನ್ನೆಯನ್ನು ಮುಚ್ಚಿ ಗದ್ದವನ್ನು ಬಿಡುವ ಓಪನ್ ಫೇಸ್, ಗದ್ದವನ್ನೂ ಮುಚ್ಚುವ ಫುಲ್ ಫೇಸ್, ಗದ್ದದ ಭಾಗವನ್ನು ಮೇಲಕ್ಕೆ ಎತ್ತಬಹುದಾದ ಫ್ಲಿಪ್ ಅಪ್. ಹೆಲ್ಮೆಟ್ ಬೇಕೇ ಬೇಡವೇ ಎಂಬ ವಾದ ಭಾವಮೈದುನ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಏಳುತ್ತದೆ; ಯಾವ ಹೆಲ್ಮೆಟ್ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಮೊದಲನೆಯ ಪ್ರಶ್ನೆಗೆ ಉತ್ತರ ದೊರೆತದ್ದು ಎರಡನೆಯದರ ಬೆನ್ನು ಹತ್ತಿದ ಮೇಲೆಯೇ.

ಹಾಫ್ ಹೆಲ್ಮೆಟ್ಟನ್ನು ನಾನು ಇನ್ನೂರು ರೂಪಾಯಿಗೆ ಕೊಂಡಿದ್ದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟಾಗ ಅದು ಅರ್ಧ ಕಿಲೋ ಕೂಡ ತೂಗಲಿಲ್ಲ. ಸುಖದ ವಿಚಾರದಲ್ಲಿ ನಾಲ್ಕರಲ್ಲಿ ಅದೇ ಮೊದಲನೆಯದು ಎಂಬುದನ್ನು ಒಪ್ಪಿಕೊಳ್ಳಲೇಬೇಕು: ಕಿವಿಗೆ ಗಾಳಿ ತಾಕುತ್ತದೆ, ಹಿಂದಿನ ಬಸ್ಸಿನ ಹಾರನ್ ಸ್ಪಷ್ಟವಾಗಿ ಕೇಳಿಸುತ್ತದೆ, ಕಚೇರಿಯಲ್ಲಿ ಮೇಜಿನ ಖಾನೆಯೊಳಗೆ ಇಟ್ಟುಬಿಡಬಹುದು. ಒಂದು ಭಾನುವಾರ ಕುತೂಹಲಕ್ಕೆಂದು ಅದರ ಒಳಗಿನ ಬಟ್ಟೆಯನ್ನು ಕಿತ್ತು ನೋಡಿದೆ. ತೆಳುವಾದ ಸ್ಪಂಜು, ಅದರ ಹಿಂದೆ ನೇರವಾಗಿ ಪ್ಲಾಸ್ಟಿಕ್. ಹೆಲ್ಮೆಟ್ಟಿನಲ್ಲಿ ತಲೆಯನ್ನು ಉಳಿಸುವುದು ಹೊರಗಿನ ಗಟ್ಟಿ ಚಿಪ್ಪು ಎಂದು ಬಹಳ ಜನ ತಿಳಿದಿದ್ದಾರೆ. ಪೆಟ್ಟಿನ ಬಹುಪಾಲನ್ನು ನುಂಗುವುದು ಚಿಪ್ಪಿನ ಒಳಗಿರುವ, ನಾವು ಥರ್ಮೋಕೋಲ್ ಎನ್ನುವ ದಪ್ಪ ಪದರ. ಅದು ತಾನು ಕುಸಿಯುತ್ತ ತಲೆ ನಿಲ್ಲುವ ಗಳಿಗೆಯನ್ನು ಚೂರು ಹಿಗ್ಗಿಸುತ್ತದೆ, ಮಿದುಳಿಗೆ ಆಗುವ ಆಘಾತ ಅಷ್ಟರಮಟ್ಟಿಗೆ ಇಳಿಯುತ್ತದೆ. ನನ್ನ ಹಾಫ್ ಹೆಲ್ಮೆಟ್ಟಿನಲ್ಲಿ ಆ ಪದರವೇ ಇರಲಿಲ್ಲ. ಬೆಲ್ಟನ್ನು ಬಿಗಿಯಾಗಿ ಕಟ್ಟಿಕೊಂಡು, ಹಿಂದಿನಿಂದ ಮುಂದಕ್ಕೆ ತಳ್ಳಲು ಹೆಂಡತಿಗೆ ಹೇಳಿದೆ. ಅವಳ ಎರಡು ಬೆರಳಿನ ಬಲಕ್ಕೇ ಅದು ಹಣೆಯ ಮೇಲಿಂದ ಉರುಳಿ ಕೈಗೆ ಬಂತು.

ಇಂಥದ್ದು ಮಾರಾಟವಾಗುವುದೇಕೆ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯು ಹೆಲ್ಮೆಟ್ ಇಲ್ಲದ ಸವಾರಿಗೆ ಸಾವಿರ ರೂಪಾಯಿ ದಂಡವನ್ನೂ ಮೂರು ತಿಂಗಳ ಲೈಸೆನ್ಸ್ ಅನರ್ಹತೆಯನ್ನೂ ಇಟ್ಟಿತು. ಕರ್ನಾಟಕ ಸರ್ಕಾರ ಅದೇ ವರ್ಷದ ಸೆಪ್ಟೆಂಬರಿನಲ್ಲಿ ದಂಡವನ್ನು ಐನೂರಕ್ಕೆ ಇಳಿಸಿತು. ಐನೂರರ ದಂಡವನ್ನು ಇನ್ನೂರರ ಟೋಪಿ ತಪ್ಪಿಸುವುದಾದರೆ ಕೊಳ್ಳುವವರಿಗೆ ಕೊರತೆಯೇನು? ಪೊಲೀಸರಿಗೆ ಟೋಪಿ ಹಾಕುವುದಕ್ಕಾಗಿ ನಮ್ಮ ತಲೆಗೆ ನಾವೇ ಹಾಕಿಕೊಳ್ಳುವ ಟೋಪಿ ಇದು. ವಿಚಿತ್ರವೆಂದರೆ ಕಾನೂನು ಇಷ್ಟು ಸಡಿಲವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಎಂದರೆ ಏನೆಂದು ವಿವರಿಸಿದೆ: ಅಪಘಾತದಲ್ಲಿ ರಕ್ಷಣೆ ನೀಡೀತೆಂದು ನಂಬಬಹುದಾದ ಆಕಾರ, ವಸ್ತು ಮತ್ತು ರಚನೆ ಅದಕ್ಕಿರಬೇಕು, ಜೊತೆಗೆ ಅದರ ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿರಬೇಕು. ಅಂದರೆ ಬೆಲ್ಟ್ ಕಟ್ಟದ ದುಬಾರಿ ಹೆಲ್ಮೆಟ್ ಕೂಡ ಕಾನೂನಿನ ಕಣ್ಣಿಗೆ ಹೆಲ್ಮೆಟ್ಟಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟಿನ ತಯಾರಿಕೆ, ಮಾರಾಟ ಎರಡೂ ನಿಷಿದ್ಧ. ಆದರೂ ಸಿಗ್ನಲ್‌ನಲ್ಲಿ ಕಾಯುವ ಪೇದೆಗಾಗಲಿ ಕಂಬದ ಮೇಲಿನ ಕ್ಯಾಮೆರಾಕ್ಕಾಗಲಿ ದೂರದಿಂದ ಕಾಣುವುದು ತಲೆಯ ಮೇಲೆ ಏನೋ ಇದೆ ಎಂಬುದಷ್ಟೇ.

ಎರಡನೆಯದಾಗಿ ಕೊಂಡದ್ದು ಎಂಟುನೂರು ರೂಪಾಯಿ ಚಿಲ್ಲರೆಯ ಓಪನ್ ಫೇಸ್. ಹಿಂಬದಿಯಲ್ಲಿ ಐಎಸ್‌ಐ ಗುರುತು, ಐಎಸ್ 4151 ಎಂಬ ಮಾನದಂಡದ ಸಂಖ್ಯೆ ಮತ್ತು ಪರವಾನಗಿ ಸಂಖ್ಯೆ ಇದ್ದವು. ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಸಾಚಾ ಎಂದು ಖಚಿತಪಡಿಸಿಕೊಂಡೆ. ನಕಲಿ ಗುರುತಿನ ಚೀಟಿ ಅಂಟಿಸಿದ ಮಾಲು ಮಾರುಕಟ್ಟೆಯಲ್ಲಿ ಇರುವುದರಿಂದ ಈ ಎರಡು ನಿಮಿಷದ ಶ್ರಮ ದಂಡವಲ್ಲ. ಹೆಂಡತಿ ಹಿಂದಿನಿಂದ ತಳ್ಳಿದಾಗ ಇದು ಅಲುಗಲಿಲ್ಲ. ಕನ್ನಡಕ ತೆಗೆಯದೆ ಹಾಕಿಕೊಳ್ಳಬಹುದು, ಟೀ ಅಂಗಡಿಯ ಮುಂದೆ ತಲೆಯಿಂದ ಇಳಿಸದೆಯೇ ಮಾತನಾಡಬಹುದು, ಸೀಟಿನ ಕೆಳಗೂ ಹೇಗೋ ತುರುಕಬಹುದು. ಎರಡು ವರ್ಷ ನನಗೆ ಇದಕ್ಕಿಂತ ಹೆಚ್ಚಿನದು ಬೇಕೆನಿಸಲಿಲ್ಲ.

ಮೂರನೆಯ ವರ್ಷದ ಆಷಾಢದಲ್ಲಿ, ನಾಯಂಡಹಳ್ಳಿಯ ಹತ್ತಿರ, ಮಳೆಗೆ ಕೊಚ್ಚಿ ಬಂದಿದ್ದ ಮರಳಿನ ಮೇಲೆ ಮುಂದಿನ ಚಕ್ರ ಜಾರಿತು. ವೇಗ ಮೂವತ್ತನ್ನೂ ದಾಟಿರಲಿಕ್ಕಿಲ್ಲ. ಮುಂದಲೆ ನೆಲಕ್ಕೆ ಬಡಿದ ಸದ್ದು ಕೇಳಿಸಿತೇ ಹೊರತು ನೋವಾಗಲಿಲ್ಲ, ಹೆಲ್ಮೆಟ್ ತನ್ನ ಕೆಲಸ ಮಾಡಿತ್ತು. ಆದರೆ ಗದ್ದ ರಸ್ತೆಗೆ ಉಜ್ಜಿ ನಾಲ್ಕು ಹೊಲಿಗೆ ಬಿದ್ದವು, ಕೆಳಗಿನ ಒಂದು ಹಲ್ಲಿನ ಮೂಲೆ ಹಾರಿತು. ಒಬ್ಬ ಒಮ್ಮೆ ಬಿದ್ದದ್ದು ಯಾವುದನ್ನೂ ಸಾಧಿಸಿ ತೋರಿಸುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಓಪನ್ ಫೇಸ್ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅಂದು ನನ್ನ ಮುಖವೇ ಅಳೆದು ಹೇಳಿತು. ಹೊರಗೆ ಬರೀ ಗೀಚು ಕಾಣುತ್ತಿದ್ದ ಆ ಹೆಲ್ಮೆಟ್ಟನ್ನು ಮತ್ತೆ ಹಾಕಲಿಲ್ಲ, ಏಕೆಂದರೆ ಒಮ್ಮೆ ಕುಸಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ.

ಆ ಬಳಿಕ ಬಂದದ್ದು ಸುಮಾರು ಒಂದೂ ಮುಕ್ಕಾಲು ಸಾವಿರದ ಫುಲ್ ಫೇಸ್. ಮೊದಲ ತಿಂಗಳು ಇದು ಶಿಕ್ಷೆಯೇ ಆಗಿತ್ತು. ಬಿಸಿಲಿನಲ್ಲಿ ರಾಜರಾಜೇಶ್ವರಿನಗರದ ಕಮಾನಿನ ಬಳಿ ವಾಹನಗಳು ನಿಂತಾಗ ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು; ಮಳೆಯಲ್ಲಿ ಉಸಿರಿಗೇ ಗ್ಲಾಸು ಮಂಜಾಗುತ್ತಿತ್ತು; ಕನ್ನಡಕವನ್ನು ಪ್ರತಿ ಸಲ ತೆಗೆದು, ಹೆಲ್ಮೆಟ್ ಹಾಕಿ, ಮತ್ತೆ ತೂರಿಸಬೇಕಿತ್ತು. ಆದರೆ ಈ ಕಷ್ಟಗಳಲ್ಲಿ ಅರ್ಧದಷ್ಟು ಹೆಲ್ಮೆಟ್ಟಿನದಲ್ಲ, ತಪ್ಪು ಅಳತೆಯದು ಎಂದು ತಡವಾಗಿ ತಿಳಿಯಿತು. ಬಿಗಿ ಎನಿಸಿದ್ದಕ್ಕೆ ಅಂಗಡಿಯಲ್ಲಿ ಒಂದು ಅಳತೆ ದೊಡ್ಡದನ್ನೇ ಆರಿಸಿದ್ದೆ. ಅದು ತಲೆಯ ಮೇಲೆ ಅಲ್ಲಾಡುತ್ತ ಕತ್ತಿಗೆ ಭಾರವಾಗುತ್ತಿತ್ತು. ಹುಬ್ಬಿನ ಮೇಲೆ ಟೇಪು ಸುತ್ತಿ ಅಳೆದು, ಕೆನ್ನೆ ತುಸು ಒತ್ತುವಷ್ಟು ಬಿಗಿಯಾದದ್ದನ್ನು ಬದಲಾಯಿಸಿ ತಂದ ಮೇಲೆ ಅದೇ ತೂಕ ಹಗುರವಾದಂತೆ ತೋರಿತು. ಸಿಗ್ನಲ್‌ನಲ್ಲಿ ಗ್ಲಾಸನ್ನು ಒಂದು ಬೆರಳಿನಷ್ಟು ಎತ್ತಿದರೆ ಮಂಜು ಹೋಗುತ್ತದೆ. ಮೆಟ್ರೋ ಕಾಮಗಾರಿಯ ಧೂಳಿನಿಂದ ಕಣ್ಣು ಕೆಂಪಾಗುವುದು ನಿಂತದ್ದು ನಾನು ನಿರೀಕ್ಷಿಸದ ಲಾಭ.

ಫ್ಲಿಪ್ ಅಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡಕದವರಿಗೆ ಅದು ಅನುಕೂಲವೇ, ಹಾಸನಕ್ಕೆ ಹೋದಾಗ ಟೋಲ್ ದಾಟಿ ನೀರು ಕುಡಿಯುವುದಕ್ಕೂ ಸರಾಗ. ಆದರೆ ನಾಲ್ಕರಲ್ಲಿ ಅದೇ ಭಾರವಾದದ್ದು, ಮತ್ತು ಊರೊಳಗೆ ಗದ್ದದ ಭಾಗವನ್ನು ಎತ್ತಿಕೊಂಡೇ ಓಡಿಸುವ ಚಟ ನನಗೆ ಹತ್ತಿಬಿಟ್ಟಿತು. ಎತ್ತಿಕೊಂಡೇ ಇರುವುದಾದರೆ ಮೂರು ಪಟ್ಟು ಹಣ ಕೊಟ್ಟು ಓಪನ್ ಫೇಸ್ ಕೊಂಡಂತಾಯಿತು.

ಭಾವಮೈದುನನ ವಾದ ಈ ಯಾವುದಕ್ಕೂ ಬಗ್ಗುವುದಿಲ್ಲ. "ಭಾವ, ನನ್ನ ತಲೆ, ನನ್ನಿಷ್ಟ. ಬಿದ್ದರೆ ನಾನು ತಾನೇ ಬೀಳೋದು?" ಎನ್ನುತ್ತಾನೆ. ಈ ಮಾತನ್ನು ಹುಡುಗಾಟವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ದೊಡ್ಡ ನ್ಯಾಯಾಲಯಗಳೇ ಇದನ್ನು ಕೂತು ಕೇಳಿವೆ. ಆಂಧ್ರಪ್ರದೇಶದ ಹೆಲ್ಮೆಟ್ ನಿಯಮ ಸಂಚಾರ ಸ್ವಾತಂತ್ರ್ಯಕ್ಕೆ ವಿರುದ್ಧವೆಂಬ ವಾದವನ್ನು ಸುಪ್ರೀಂ ಕೋರ್ಟ್ 1988ರಲ್ಲಿ ಒಪ್ಪಲಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1972ರಲ್ಲಿ ಇಂಥದೇ ಪ್ರಕರಣ ಬಂದಾಗ, ಬಿದ್ದವನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿ ಆರೈಕೆ ಮಾಡುವುದು ಸಮಾಜವೇ ಆದ್ದರಿಂದ ಪರಿಣಾಮ ಅವನೊಬ್ಬನದಲ್ಲ ಎಂದು ನ್ಯಾಯಾಲಯ ಕಂಡಿತು. ಅದೇ ದೇಶದ ಫ್ಲಾರಿಡಾ 2000ದಲ್ಲಿ ಬೇರೆ ದಾರಿ ಹಿಡಿದು, 21 ವರ್ಷ ಮೀರಿದವರು ಕನಿಷ್ಠ ಹತ್ತು ಸಾವಿರ ಡಾಲರಿನ ವೈದ್ಯಕೀಯ ವಿಮೆ ಹೊಂದಿದ್ದರೆ ಬರಿತಲೆಯಲ್ಲಿ ಹೋಗಬಹುದು ಎಂದಿತು. ನಿನ್ನಿಷ್ಟದ ಬೆಲೆಯನ್ನು ನೀನೇ ಮೊದಲು ಕಟ್ಟು ಎಂಬ ಈ ಕರಾರಿನಲ್ಲಿ ಒಂದು ಬಗೆಯ ನೇರತನವಿದೆ. ನಮ್ಮಲ್ಲಾದರೋ ಆ ಬೆಲೆಯನ್ನು ಕಟ್ಟುವುದು ಹೆಂಡತಿಯ ಬಳೆ, ತಮ್ಮನ ಸಾಲ, ಅಮ್ಮನ ನಿದ್ದೆ. ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2008ರ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಪ್ರತಿಶತ, ತಲೆಪೆಟ್ಟಿನ ಅಪಾಯವನ್ನು 69 ಪ್ರತಿಶತ ತಗ್ಗಿಸುತ್ತದೆ. ಇದನ್ನು ಹೇಳಿದಾಗ ಅವನು "ಉಳಿದದ್ದು?" ಎಂದು ಕೇಳಿದ. ಉಳಿದದ್ದು ನಿಧಾನವಾಗಿ ಓಡಿಸುವುದು ಎಂದೆ.

ಹೆಂಡತಿಯ ತಕರಾರು ಇದಕ್ಕಿಂತ ಗಟ್ಟಿಯಾದದ್ದು. 2016ರ ಜನವರಿಯಿಂದ ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. ಆದರೆ ಅಂಗಡಿಗಳಲ್ಲಿರುವ ಫುಲ್ ಫೇಸ್‌ಗಳಲ್ಲಿ ತುರುಬಿಗೆ ಜಾಗವೇ ಇಲ್ಲ. ತುರುಬು ಕಟ್ಟಿದರೆ ಹೆಲ್ಮೆಟ್ ಹಣೆಗೆ ಜಾರುತ್ತದೆ, ಜಡೆ ಬಿಟ್ಟರೆ ಮಲ್ಲಿಗೆ ನಲುಗುತ್ತದೆ. ಐದಾರು ಅಂಗಡಿ ತಿರುಗಿ, ಕೊನೆಗೆ ಕತ್ತಿನ ಬಳಿ ತಗ್ಗಾಗಿ ಜಡೆ ಹೆಣೆದು ಅವಳು ಓಪನ್ ಫೇಸ್ ಒಪ್ಪಿದಳು. ಹೂವನ್ನು ಮದುವೆ ಮನೆ ಮುಟ್ಟಿದ ಮೇಲೆ ಮುಡಿಯುತ್ತಾಳೆ.

ಸದ್ಯಕ್ಕೆ ಮೈಸೂರು ರಸ್ತೆಗೆ ನನ್ನದು ಫುಲ್ ಫೇಸ್; ಅಳತೆ ಸರಿಯಿರುವ ಓಪನ್ ಫೇಸ್‌ಗೆ ಎರಡನೆಯ ಸ್ಥಾನ ಕೊಡುತ್ತೇನೆ, ಫ್ಲಿಪ್ ಅಪ್ ಅಟ್ಟದ ಮೇಲಿದೆ. ಬಿದ್ದ ದಿನದ ಹೆಲ್ಮೆಟ್ಟನ್ನೂ ಆ ಇನ್ನೂರರ ಟೋಪಿಯನ್ನೂ ಗುಜರಿಗೆ ಹಾಕುವ ಮುನ್ನ ಕತ್ತರಿ ತಂದು ಎರಡರ ಬೆಲ್ಟನ್ನೂ ಕತ್ತರಿಸಿದೆ, ಮತ್ತೆ ಯಾರ ತಲೆಗೂ ಹೋಗದಿರಲೆಂದು.