ಎಲ್‌ಎಂ 1875 ಸ್ಟೀರಿಯೋ ಆಂಪ್ಲಿಫೈಯರ್ ಕಿಟ್: ಬೋರ್ಡ್ ಗಟ್ಟಿ, ಜೊತೆಗೆ ಬರುವ ಹಾಳೆ ಸಾಲದು

ಮೊದಲ ಸಲ ಕೈಯಾರೆ ಆಂಪ್ಲಿಫೈಯರ್ ಕಟ್ಟಬೇಕು ಅಂತಿರುವವರಿಗೆ ಈ ಕಿಟ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಪೆಟ್ಟಿಗೆಯಲ್ಲಿ ಬಂದ ಸಾಮಾನನ್ನಷ್ಟೇ ನಂಬಿಕೊಂಡು ಕರೆಂಟ್ ಕೊಡಬೇಡಿ. ಸರ್ಕ್ಯೂಟ್ ಸರಿಯಾಗಿದೆ, ಸಿಗ್ನಲ್ಲನ್ನು ದೊಡ್ಡದು ಮಾಡುವ ಐಸಿ (ಎಲ್‌ಎಂ 1875 ಅನ್ನುವ ಚಿಪ್) ಒಳ್ಳೆಯದು, ಸದ್ದಂತೂ ತುಂಬಾ ಚೆನ್ನಾಗಿದೆ. ಕೊರತೆ ಇರುವುದು ಜೊತೆಗೆ ಕೊಡುವ ಒಂದು ಹಾಳೆಯ ವಿವರಣೆಯಲ್ಲಿ, ಮತ್ತೆ ಕೊಡದೇ ಬಿಟ್ಟ ಕೆಲವು ಚಿಕ್ಕ ಸಾಮಾನಿನಲ್ಲಿ. ಹೊಸಬರಿಗೆ ತೊಂದರೆ ಆಗುವುದು ಅಲ್ಲೇ.

ನಾನು ಎಲೆಕ್ಟ್ರಾನಿಕ್ಸ್ ಓದಿದವಳಲ್ಲ. ಲೆಕ್ಕ ಬರೆಯುವುದು ನನ್ನ ಕೆಲಸ. ಹಾಗಾಗಿ ಒಂದು ಅಂಕಿ ಕಂಡರೆ ಅದು ಎಲ್ಲಿಂದ ಬಂತು ಅಂತ ನೋಡದೆ ಬಿಡುವುದಿಲ್ಲ. ಈ ಬರಹದಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ ಬರುತ್ತದೆ. ಆದರೆ ಗುಣಾಕಾರ, ಭಾಗಾಕಾರ ಬಂದರೆ ಸಾಕು, ಎಲ್ಲವೂ ಅರ್ಥವಾಗುತ್ತದೆ.

ಇದೇ ಬೋರ್ಡ್ ಬೇರೆ ಬೇರೆ ಹೆಸರಲ್ಲಿ ಹಲವು ಕಡೆ ಸಿಗುತ್ತದೆ, ಅದಕ್ಕೆ ಮಾರಿದವರ ಹೆಸರು ಬರೆಯುತ್ತಿಲ್ಲ. ಪೆಟ್ಟಿಗೆಯೊಳಗೆ ಎರಡು ಎಲ್‌ಎಂ 1875 ಐಸಿ, ಖಾಲಿ ಬೋರ್ಡ್, ಬ್ರಿಡ್ಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಜೋಡಣೆ), 4700 ಮೈಕ್ರೋಫ್ಯಾರಡ್ 35 ವೋಲ್ಟಿನ ನಾಲ್ಕು ದೊಡ್ಡ ಕೆಪಾಸಿಟರ್, ರೆಸಿಸ್ಟರ್‌ಗಳ ಪಟ್ಟಿ, ಒಂದು ವಾಲ್ಯೂಮ್ ಕಂಟ್ರೋಲ್, ಎರಡು ಪುಟ್ಟ ಹೀಟ್‌ಸಿಂಕ್ (ಐಸಿಯ ಬಿಸಿ ಹೊರಹಾಕುವ ಲೋಹದ ತುಂಡು) ಇವೆ. ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್, ಫ್ಯೂಸ್ ನಾವೇ ತರಬೇಕು. ಬೋರ್ಡ್ ದಪ್ಪಗಿದೆ. ತಾಮ್ರದ ಪ್ಯಾಡುಗಳು ದೊಡ್ಡವು. ಬೆಸುಗೆ ಬಿಚ್ಚಿ ಮತ್ತೆ ಹಾಕಿದರೂ ಎದ್ದು ಬರಲಿಲ್ಲ. ಮೊದಲ ಬಾರಿ ಐರನ್ ಹಿಡಿದವರಿಗೆ ಇದು ದೊಡ್ಡ ಅನುಕೂಲ.

ಇದೇ ಐಸಿ ಯಾಕೆ? ಎಲ್‌ಎಂ 386 ಇನ್ನೂ ಸುಲಭ. 9 ವೋಲ್ಟಿನ ಬ್ಯಾಟರಿಗೆ ಹಾಡುತ್ತದೆ. ಆದರೆ ಅದರದು ಅರ್ಧ ವ್ಯಾಟಿನ ಆಸುಪಾಸು. ಕಲಿಯಲು ಸರಿ, ಕೋಣೆ ತುಂಬ ಕೇಳಲು ಸಾಲದು. ಎಲ್‌ಎಂ 3886 ಶಕ್ತಿವಂತ, ಆದರೆ ಹನ್ನೊಂದು ಕಾಲು. 1875ಕ್ಕೆ ಬರೀ ಐದು ಕಾಲು: ಎರಡು ಇನ್‌ಪುಟ್, ಒಂದು ಔಟ್‌ಪುಟ್, ಪ್ಲಸ್, ಮೈನಸ್. ಸುತ್ತ ಇರುವ ಒಂದೊಂದು ರೆಸಿಸ್ಟರ್ ಏನು ಮಾಡುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ರೆಡಿಮೇಡ್ ಕ್ಲಾಸ್ ಡಿ (ವೇಗವಾಗಿ ಆನ್-ಆಫ್ ಆಗುತ್ತಾ ಕೆಲಸ ಮಾಡುವ ಬಗೆಯ ಆಂಪ್ಲಿಫೈಯರ್) ಬೋರ್ಡ್ ತಂದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಅಲ್ಲಿ ನಾವು ತಂತಿ ಸಿಕ್ಕಿಸುತ್ತೇವೆ ಅಷ್ಟೇ, ಕಟ್ಟುವುದಿಲ್ಲ.

ಉದಾಹರಣೆಗೆ 20 ಕಿಲೋ ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್‌ಗಳ ಜೋಡಿ ನೋಡಿ. ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ವಾಪಸ್ ತಂದು, ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ತಾಳೆ ನೋಡಿ ತಿದ್ದುವುದು ಈ ಜೋಡಿಯ ಕೆಲಸ. ದಿನದ ಕೊನೆಗೆ ಲೆಡ್ಜರ್ ತಾಳೆ ನೋಡುವ ಹಾಗೆ. ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಎಂಬ ಎಂಜಿನಿಯರಿಗೆ ಈ ಉಪಾಯ ಹೊಳೆದದ್ದು 1927ರಲ್ಲಿ, ಕೆಲಸಕ್ಕೆ ಹೋಗುವಾಗ ನದಿ ದಾಟಿಸುವ ದೋಣಿಯಲ್ಲಿ. ಕೈಲಿದ್ದ ದಿನಪತ್ರಿಕೆಯ ಹಾಳೆಯ ಮೇಲೇ ಅದನ್ನು ಬರೆದುಕೊಂಡಿದ್ದರಂತೆ. ಆ ದೊಡ್ಡ ಯೋಚನೆ ಈ ಬೋರ್ಡಿನಲ್ಲಿ ಎರಡು ರೆಸಿಸ್ಟರ್ ಆಗಿ ಕೂತಿದೆ. 20ನ್ನು 1ರಿಂದ ಭಾಗಿಸಿ ಒಂದು ಕೂಡಿಸಿ: 21. ಸಿಗ್ನಲ್ ಅಷ್ಟು ಪಟ್ಟು ದೊಡ್ಡದಾಗುತ್ತದೆ. ನಿಮಗೆ ಅದು ಜಾಸ್ತಿ ಅನಿಸಿದರೆ 1 ಕಿಲೋ ತೆಗೆದು 2 ಕಿಲೋ ಹಾಕಿ, 11 ಪಟ್ಟಾಗುತ್ತದೆ. ಅದಕ್ಕಿಂತ ಇಳಿಸಬೇಡಿ. ಹತ್ತು ಪಟ್ಟಿಗಿಂತ ಕೆಳಗೆ ಈ ಐಸಿ ಸ್ಥಿರವಾಗಿ ನಿಲ್ಲುತ್ತದೆ ಅನ್ನುವ ಭರವಸೆಯನ್ನು ತಯಾರಕರ ಡೇಟಾಶೀಟ್ (ಐಸಿಯ ಅಂಕಿಅಂಶ ಬರೆದ ದಾಖಲೆ) ಕೊಡುವುದಿಲ್ಲ. ಕಿಟ್ಟಿನ ಹಾಳೆಯಲ್ಲಿ ಈ ಜೋಡಿಯ ಬಗ್ಗೆ ಒಂದು ಸಾಲೂ ಇಲ್ಲ. ಇಷ್ಟು ಸೊಗಸಾದ ವಿಷಯವನ್ನು ಹೇಳದೆ ಬಿಟ್ಟಿದ್ದಾರಲ್ಲ ಅಂತ ನನಗೆ ಬೇಜಾರಾಯಿತು.

ಈಗ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರ: 30+30 ವ್ಯಾಟ್. ಹಾಳೆ ಹೇಳುವ ಟ್ರಾನ್ಸ್‌ಫಾರ್ಮರ್ 18-0-18, ಅಂದರೆ ನಡುವಿನ ತಂತಿಯಿಂದ ಎರಡೂ ಕಡೆ 18 ವೋಲ್ಟ್ ಎಸಿ ಕೊಡುವಂಥದ್ದು. ಎಸಿಯ ತುದಿ ವೋಲ್ಟೇಜ್ ಬೇಕಾದರೆ 18ನ್ನು 1.414ರಿಂದ ಗುಣಿಸಬೇಕು: 25.4. ಡಯೋಡಿನ ಪಾಲು ಕಳೆದರೆ ಎರಡೂ ಕಡೆ 24 ಚಿಲ್ಲರೆ ವೋಲ್ಟ್. ಜೋರಾಗಿ ಹಾಡುವಾಗ ಅದು 22ರವರೆಗೂ ಇಳಿಯುತ್ತದೆ. ಐಸಿ ತನ್ನೊಳಗೇ ಮೂರ್ನಾಲ್ಕು ವೋಲ್ಟ್ ಉಳಿಸಿಕೊಳ್ಳುತ್ತದೆ. ಸ್ಪೀಕರಿಗೆ ಸಿಗುವುದು ಹೆಚ್ಚೆಂದರೆ 18 ವೋಲ್ಟಿನ ತುದಿ. 18ರ ವರ್ಗ 324. ಅದನ್ನು 8 ಓಮಿನ ಎರಡರಷ್ಟರಿಂದ, ಅಂದರೆ 16ರಿಂದ ಭಾಗಿಸಿ. 20 ವ್ಯಾಟ್! ಡೇಟಾಶೀಟ್ ಮೊದಲ ಪುಟದಲ್ಲೇ ಹೇಳುವುದೂ 20 ವ್ಯಾಟ್. 30 ಬೇಕಾದರೆ ಪ್ಲಸ್ 30, ಮೈನಸ್ 30 ಕೊಡಬೇಕು. ಅದು ಈ ಐಸಿಗೆ ಹೇಳಿರುವ 60 ವೋಲ್ಟಿನ ಗಡಿ. ಅಷ್ಟು ವೋಲ್ಟೇಜಿಗೆ ಈ 35 ವೋಲ್ಟ್ ಕೆಪಾಸಿಟರುಗಳೂ ತೀರಾ ಅಂಚಿಗೆ ಬರುತ್ತವೆ. ಹಾಗಾಗಿ 20+20 ಅಂತ ತಿಳಿದುಕೊಂಡೇ ತಗೊಳ್ಳಿ. 87 ಡೆಸಿಬೆಲ್ ಸೂಕ್ಷ್ಮತೆಯ ಸಾಧಾರಣ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಆಗುತ್ತದೆ. ಮನೆಗೆ ಅದೇ ಧಾರಾಳ. ಸುಳ್ಳು ಅಂಕಿ ಬರೆಯುವ ಅಗತ್ಯ ಏನಿತ್ತು?

ಬೆಸುಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. 25 ವ್ಯಾಟಿನ ಐರನ್, 60/40 ಸೋಲ್ಡರ್ ಸಾಕು. ಮೊದಲು ರೆಸಿಸ್ಟರ್, ಆಮೇಲೆ ಚಿಕ್ಕ ಕೆಪಾಸಿಟರ್, ಕೊನೆಗೆ ದೊಡ್ಡವು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಪಕ್ಕದಲ್ಲಿ ಪಟ್ಟಿ ಇರುವ ಕಡೆ ಮೈನಸ್. ರೆಸಿಸ್ಟರ್‌ಗಳನ್ನು ಬಣ್ಣ ನೋಡಿ ಹಾಕುವ ಬದಲು ಮೀಟರಿನಲ್ಲಿ ಅಳೆದೇ ಹಾಕಿ. ಸಂಜೆ ಬೆಳಕಲ್ಲಿ ಕಂದು ಯಾವುದು, ಕೆಂಪು ಯಾವುದು ಗೊತ್ತಾಗುವುದಿಲ್ಲ. ಗ್ರೌಂಡಿನ ಪ್ಯಾಡುಗಳು ಅಗಲವಾದ ತಾಮ್ರಕ್ಕೆ ಸೇರಿಕೊಂಡಿವೆ, ಶಾಖವನ್ನು ಬೇಗ ಎಳೆದುಕೊಳ್ಳುತ್ತವೆ. ಅಲ್ಲಿ ಐರನ್ ಸ್ವಲ್ಪ ಹೆಚ್ಚು ಹೊತ್ತು ಇಡಬೇಕು.

ನಿಧಾನವಾಗಿ ಮಾಡಬೇಕಾದ್ದು ಐಸಿಯನ್ನು ಹೀಟ್‌ಸಿಂಕಿಗೆ ಕೂರಿಸುವ ಕೆಲಸ. ಐಸಿಯ ಬೆನ್ನಿಗೆ ಲೋಹದ ತಗಡು ಇದೆಯಲ್ವಾ, ಅದು ಒಳಗಿನಿಂದ ಮೂರನೇ ಕಾಲಿಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಅದನ್ನು ನೇರವಾಗಿ ಹೀಟ್‌ಸಿಂಕಿಗೆ ಸ್ಕ್ರೂ ಮಾಡಿದರೆ ಇಡೀ ಹೀಟ್‌ಸಿಂಕ್ ಮೈನಸ್ 25 ವೋಲ್ಟಿನಲ್ಲಿರುತ್ತದೆ. ಅದು ಅರ್ಥ್ ಆದ ಕ್ಯಾಬಿನೆಟ್ಟಿಗೆ ತಾಗಿತೋ, ಸಪ್ಲೈ ಶಾರ್ಟ್. ಕಿಟ್ಟಿನ ಹಾಳೆ 'ಐಸಿಯನ್ನು ಹೀಟ್‌ಸಿಂಕಿಗೆ ಬಿಗಿಯಿರಿ' ಅಂತ ಮಾತ್ರ ಹೇಳುತ್ತದೆ. ಕರೆಂಟ್ ತಡೆದು ಬಿಸಿಯನ್ನಷ್ಟೇ ದಾಟಿಸುವ ಮೈಕಾ ಹಾಳೆ ಇಲ್ಲ, ಸ್ಕ್ರೂ ತಗಡಿಗೆ ತಾಗದಂತೆ ತಡೆಯುವ ಪ್ಲಾಸ್ಟಿಕ್ ಬುಷ್ ಇಲ್ಲ. ಹೊಸಬರಿಗೆ ಅಂತ ಬರೆದು ಮಾರುವ ಪೆಟ್ಟಿಗೆಯಲ್ಲಿ ಇವೆರಡೂ ಇರಲೇಬೇಕಿತ್ತು. ಈ ವಿಮರ್ಶೆಯಲ್ಲಿ ನನ್ನ ದೊಡ್ಡ ತಕರಾರು ಇದೇ.

ನಾನು ಮಾಡಿದ್ದು ಹೀಗೆ. ಹೀಟ್‌ಸಿಂಕಿನ ತೂತಿನ ಅಂಚನ್ನು ದೊಡ್ಡ ಡ್ರಿಲ್ ಬಿಟ್ಟಿನಿಂದ ಕೈಯಲ್ಲೇ ತಿರುಗಿಸಿ ನಯ ಮಾಡಿದೆ. ಅಲ್ಲಿ ಒಂದು ಚೂಪಾದ ಚೂರು ಉಳಿದರೂ ಮೈಕಾ ಹರಿಯುತ್ತದೆ. ಆಮೇಲೆ ಮೈಕಾದ ಎರಡೂ ಮೈಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಸವರಿದೆ. ಮೈಕಾ ಮಸುಕಾಗಬೇಕು ಅಷ್ಟೇ, ಬಿಳಿ ಪದರ ಕಾಣಬಾರದು. ಬುಷ್ ಹಾಕಿ ಸ್ಕ್ರೂ ಬಿಗಿದೆ. ಮೀಟರನ್ನು ಬೀಪ್‌ಗೆ ಇಟ್ಟು ಒಂದು ಮೊನೆ ತಗಡಿಗೆ, ಇನ್ನೊಂದು ಹೀಟ್‌ಸಿಂಕಿಗೆ ತಾಗಿಸಿದೆ. ಹೀಟ್‌ಸಿಂಕಿನ ಮೇಲೆ ಕಪ್ಪು ಲೇಪ ಇದ್ದರೆ ಅದು ಕರೆಂಟನ್ನು ತಡೆಯುತ್ತದೆ, ಅದಕ್ಕೆ ಒಂದು ಕಡೆ ಕೆರೆದು ಲೋಹ ಕಾಣಿಸಿ ಅಲ್ಲಿ ತಾಗಿಸಬೇಕು. ಬೀಪ್ ಬರಲಿಲ್ಲ, ಅಂದರೆ ಎರಡೂ ಒಂದಕ್ಕೊಂದು ತಾಗಿಲ್ಲ. ಅದಾದ ಮೇಲೇ ಐಸಿಯ ಕಾಲುಗಳಿಗೆ ಬೆಸುಗೆ. ಮೊದಲೇ ಬೆಸುಗೆ ಹಾಕಿ ಆಮೇಲೆ ಸ್ಕ್ರೂ ಬಿಗಿದರೆ ಎಳೆತವೆಲ್ಲ ಆ ಸಣ್ಣ ಕಾಲುಗಳ ಮೇಲೆ ಬೀಳುತ್ತದೆ.

ಕಿಟ್ಟಿನ ಪುಟ್ಟ ಹೀಟ್‌ಸಿಂಕನ್ನೂ ಬೇಕಂತಲೇ ಒಮ್ಮೆ ಪರೀಕ್ಷಿಸಿದೆ. ಮೆಲ್ಲಗೆ ಹಾಡುವಾಗ ಬೆಚ್ಚಗಿತ್ತು. ಜೋರು ಮಾಡಿದ ಸ್ವಲ್ಪ ಹೊತ್ತಿಗೆ ಕೈ ಇಡಲಾಗಲಿಲ್ಲ. ಆಮೇಲೆ ಹಾಡು ನಿಂತಿತು, ತುಸು ತಡೆದು ತಾನಾಗಿ ಮತ್ತೆ ಶುರುವಾಯಿತು. ಐಸಿ ಸತ್ತಿರಲಿಲ್ಲ, ತನ್ನನ್ನು ತಾನೇ ಕಾಪಾಡಿಕೊಂಡಿತ್ತು. ಒಳಗಿನ ಬಿಸಿ 170 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ನಿಲ್ಲುತ್ತದೆ, 145ಕ್ಕೆ ಇಳಿದರೆ ಮತ್ತೆ ಹಾಡುತ್ತದೆ. ಈ ಗುಣಕ್ಕೇ ಇದನ್ನು ಕಲಿಯುವವರ ಐಸಿ ಅನ್ನುತ್ತೇನೆ. ಆದರೆ ಪ್ರತಿದಿನ ಅದನ್ನು ಆ ಸ್ಥಿತಿಗೆ ತರಬಾರದು. ಪ್ಲಸ್ ಮೈನಸ್ 25 ವೋಲ್ಟ್, 8 ಓಮ್ ಸ್ಪೀಕರ್ ಅಂದರೆ ಒಂದೊಂದು ಐಸಿ ಅತಿ ಹೆಚ್ಚೆಂದರೆ 19 ವ್ಯಾಟಿನಷ್ಟು ಬಿಸಿ ಹೊರಹಾಕಬೇಕು. ಬೆರಳುದ್ದದ ಅಲ್ಯೂಮಿನಿಯಂ ತುಂಡಿಗೆ ಅದು ಆಗದ ಕೆಲಸ. ಅಂಗೈಗಿಂತ ಅಗಲದ, ರೆಕ್ಕೆಗಳಿರುವ ಒಂದೇ ಹೀಟ್‌ಸಿಂಕಿಗೆ ಎರಡೂ ಐಸಿ ಕೂರಿಸಿದೆ. ಈಗ ಎಷ್ಟು ಹೊತ್ತು ಕೇಳಿದರೂ ಬೆಚ್ಚಗಿರುತ್ತದೆ ಅಷ್ಟೇ.

ಮೊದಲ ಸಲ ಕರೆಂಟ್ ಕೊಡುವಾಗ ಮೇನ್ಸ್ ದಾರಿಯಲ್ಲಿ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬನ್ನು ದಾಟಿಯೇ ಬರುವ ಹಾಗೆ ಹಾಕಿ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಒಮ್ಮೆ ಹತ್ತಿ, ಕೆಪಾಸಿಟರ್‌ಗಳು ತುಂಬುತ್ತಿದ್ದಂತೆ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆರಿಸಿ. ಆರಿಸಿದ ಮೇಲೂ ಆ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ, ಅಳೆದು ನೋಡದೆ ಕೈ ಹಾಕಬೇಡಿ. ಸ್ಪೀಕರ್ ಜೋಡಿಸುವ ಮೊದಲು ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ನನಗೆ ಎರಡೂ ಕಡೆ 10 ಮಿಲಿವೋಲ್ಟಿಗಿಂತ ಕಡಿಮೆ ಬಂತು. 50ರ ಒಳಗಿದ್ದರೆ ಧೈರ್ಯವಾಗಿ ಸ್ಪೀಕರ್ ಹಾಕಬಹುದು. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರಿನ ಕಾಯಿಲ್ ಸುಟ್ಟೇ ಹೋಗುತ್ತದೆ. ಬಲ್ಬಿನ ಮಾತೂ ಹಾಳೆಯಲ್ಲಿಲ್ಲ, ಡಿಸಿ ಅಳೆಯುವ ಮಾತೂ ಇಲ್ಲ.

ಸದ್ದು? ನನಗೆ ತುಂಬಾ ಇಷ್ಟವಾಯಿತು. ಒಬ್ಬರೇ ಹಾಡಿದ, ಹಿಂದೆ ವಾದ್ಯ ಕಡಿಮೆ ಇರುವ ರೆಕಾರ್ಡಿಂಗ್ ಮೊದಲು ಕೇಳಿದೆ. ಸಾಲಿನ ಮಧ್ಯೆ ಗಾಯಕಿ ಉಸಿರು ಎಳೆದುಕೊಳ್ಳುವುದು ಸ್ಪಷ್ಟವಾಗಿ ಕೇಳಿಸಿತು. ಕೊಳಲಿನ ಮೇಲಿನ ಸ್ವರ ಕಿವಿಗೆ ಚುಚ್ಚಲಿಲ್ಲ. ತಗ್ಗು ಸ್ವರಗಳು ಬಿಗಿಯಾಗಿವೆ, ಹರಡಿಕೊಳ್ಳುವುದಿಲ್ಲ. ಹಾಡು ನಿಂತಾಗ ಮಾತ್ರ ಒಂದು ತೆಳು ಝೇಂಕಾರ ಉಳಿಯುತ್ತಿತ್ತು.

ಅದನ್ನು ಹಿಡಿಯಲು ಇನ್‌ಪುಟ್ ಎರಡೂ ತಂತಿ ಕೂಡಿಸಿ ಶಾರ್ಟ್ ಮಾಡಿ ಕಿವಿಗೊಟ್ಟೆ. ಸಪ್ಪೆ ಗುಂಯ್ ಅಂದರೆ ಅದು ಮೇನ್ಸಿನ 50 ಅಥವಾ 60 ಹರ್ಟ್ಸ್, ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಹತ್ತಿರ ಇರುವುದರಿಂದ ಬರುವುದು. ಗೊರಗೊರ ಅಂದರೆ ಅದರ ದುಪ್ಪಟ್ಟು, ರೆಕ್ಟಿಫೈಯರಿನದು. ನನ್ನದು ಎರಡನೆಯ ಜಾತಿ. ಹಾಳೆಯ ಚಿತ್ರದಲ್ಲಿ ಸ್ಪೀಕರಿನ ಮೈನಸ್ ತಂತಿ ಇನ್‌ಪುಟ್ ಗ್ರೌಂಡಿನ ಪಕ್ಕಕ್ಕೇ ಬರುತ್ತದೆ. ಅದನ್ನು ಕಿತ್ತು, ದೊಡ್ಡ ಕೆಪಾಸಿಟರ್‌ಗಳು ಸೇರುವ ನಡುಬಿಂದುವಿಗೆ ತಂದು ಬೆಸೆದೆ. ಇನ್‌ಪುಟ್‌ಗೆ ಶೀಲ್ಡ್ ತಂತಿ (ಸುತ್ತ ಲೋಹದ ಜಾಲರಿ ಇರುವುದು) ಹಾಕಿದೆ. ಈಗ ಸ್ಪೀಕರಿಗೆ ಕಿವಿ ಹಚ್ಚಿದರೂ ಸಣ್ಣ ಹಿಸ್ ಬಿಟ್ಟರೆ ಏನೂ ಇಲ್ಲ.

ವಾಲ್ಯೂಮ್ ಕಂಟ್ರೋಲನ್ನೂ ಬದಲಿಸಿ. ಕಿಟ್ಟಿನಲ್ಲಿ ಬಂದದ್ದು ಬಿ 50ಕೆ, ಅಂದರೆ 50 ಕಿಲೋ ಓಮಿನದು. ಇಲ್ಲಿ ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೇ ಸಮವಾಗಿ ರೆಸಿಸ್ಟೆನ್ಸ್ ಬದಲಾಗುವುದು. ತುಸು ತಿರುಗಿಸಿದ ಕೂಡಲೇ ಸದ್ದು ಏಕದಂ ಏರುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಅಷ್ಟಕ್ಕಷ್ಟೇ. ನಮ್ಮ ಕಿವಿಗೆ ಹೊಂದುವುದು ಲಾಗ್ ಮಾದರಿ, ಎ ಗುರುತಿನದು. ಬೋರ್ಡಿನ ಇನ್‌ಪುಟ್ 22 ಕಿಲೋ ಓಮ್ ಆದ್ದರಿಂದ 50ಕೆಗಿಂತ 10ಕೆ ಚೆನ್ನಾಗಿ ಕೂರುತ್ತದೆ. ಎ 10ಕೆ ಹಾಕಿದ ಮೇಲೆ ರಾತ್ರಿ ಮೆಲ್ಲಗೆ ಕೇಳುವುದು ಸಲೀಸಾಯಿತು.

ತಗೊಳ್ಳುವವರು ಜೊತೆಗೆ ಎರಡು ಮೈಕಾ, ಎರಡು ಬುಷ್, ಥರ್ಮಲ್ ಪೇಸ್ಟ್, ದೊಡ್ಡ ಹೀಟ್‌ಸಿಂಕ್, ಎ 10ಕೆ ಡಬಲ್ ಪಾಟ್ (ಎರಡೂ ಕಡೆಗೆ ಒಟ್ಟಿಗೆ ತಿರುಗುವ ವಾಲ್ಯೂಮ್ ಕಂಟ್ರೋಲ್), ಸ್ಲೋ-ಬ್ಲೋ ಫ್ಯೂಸ್ (ಕ್ಷಣದ ಏರಿಕೆಗೆ ಸುಡದಂಥದ್ದು) ತಂದಿಟ್ಟುಕೊಳ್ಳಿ. 8 ಓಮ್ ಸ್ಪೀಕರ್ ಇದ್ದರೆ 18-0-18, 3 ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಸರಿ. ನಿಮ್ಮದು 4 ಓಮ್ ಆದರೆ 15-0-15 ತಗೊಳ್ಳಿ. 18-0-18ರಲ್ಲೇ 4 ಓಮ್ ಓಡಿಸಿದರೆ ಐಸಿಯ ಬಿಸಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, 15-0-15ರಲ್ಲಿ ಅದು ಮತ್ತೆ ಹಿಡಿತಕ್ಕೆ ಬರುತ್ತದೆ.