ವಾಫಲ್ಲೋ ಪ್ಯಾನ್‌ಕೇಕೋ? ನನ್ನ ಓಟು ವಾಫಲ್‌ಗೆ

ಮನೆಯಲ್ಲಿ ಮಾಡಲು ಎರಡರಲ್ಲಿ ಯಾವುದು ಮೇಲು ಅಂದರೆ ವಾಫಲ್ಲೇ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪ್ಯಾನ್‌ಕೇಕ್ ಎಷ್ಟೇ ಚೆನ್ನಾಗಿ ಬಂದರೂ ಆ ಗರಿ ಅದಕ್ಕೆ ಬರುವುದಿಲ್ಲ.

ಸಾಮಾನು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಂತ ಪ್ಯಾನ್‌ಕೇಕ್ ಹಿಟ್ಟನ್ನೇ ವಾಫಲ್ ಮೇಕರ್‌ಗೆ (ಗೆರೆಗೆರೆಯ ಎರಡು ಬಿಸಿ ತಟ್ಟೆಗಳ ನಡುವೆ ಹಿಟ್ಟು ಬೇಯಿಸುವ ಯಂತ್ರ) ಸುರಿಯಬೇಡಿ. 200 ಗ್ರಾಂ ಮೈದಾಕ್ಕೆ ಪ್ಯಾನ್‌ಕೇಕ್‌ಗಾದರೆ 30 ಗ್ರಾಂ ಬೆಣ್ಣೆ, ಒಂದು ಮೊಟ್ಟೆ ಸಾಕು. ವಾಫಲ್‌ಗೆ ಕರಗಿಸಿದ ಬೆಣ್ಣೆ 80 ಗ್ರಾಂ, ಮೊಟ್ಟೆ ಎರಡು, ಹಾಲು 300 ಮಿ.ಲೀ., ಬೇಕಿಂಗ್ ಪೌಡರ್ ಎರಡು ಟೀ ಚಮಚ. ಮೈದಾದಲ್ಲಿ ಎರಡು ದೊಡ್ಡ ಚಮಚ ತೆಗೆದು ಅಷ್ಟೇ ಕಾರ್ನ್‌ಫ್ಲೋರ್ ಹಾಕಿದರೆ ಗರಿ ಇನ್ನೂ ಹೆಚ್ಚುತ್ತದೆ.

ವಾಫಲ್‌ನ ದೊಡ್ಡ ತಲೆನೋವು ಅಂಟಿಕೊಳ್ಳುವುದು. ಮುಚ್ಚಳ ಎತ್ತಿದರೆ ಅರ್ಧ ಮೇಲಿನ ತಟ್ಟೆಗೆ, ಅರ್ಧ ಕೆಳಗಿನದಕ್ಕೆ ಹರಿದುಹೋಗಿರುತ್ತದೆ. ಬಹಳ ಸಲ ಇದಕ್ಕೆ ಕಾರಣ ಅವಸರ. ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೋದ ಮೇಲಷ್ಟೇ ಹೊರಪದರ ಗಟ್ಟಿಯಾಗಿ ತಟ್ಟೆ ಬಿಡುತ್ತದೆ. ಹಲವು ಮೇಕರ್‌ಗಳಲ್ಲಿ ದೀಪ ಹೇಳುವುದು ತಟ್ಟೆಯ ಬಿಸಿಯನ್ನು ಮಾತ್ರ, ವಾಫಲ್ ಬೆಂದಿದೆ ಅಂತಲ್ಲ. ದೀಪ ಬಿಟ್ಟು ಆವಿ ನೋಡಿ: ಅಂಚಿನಿಂದ ಬರುವ ಆವಿ ತೆಳುವಾಗಬೇಕು. ಸಾಮಾನ್ಯವಾಗಿ ನಾಲ್ಕೈದು ನಿಮಿಷ. ಮುಚ್ಚಳ ಹಿಡಿದುಕೊಂಡರೆ ಎಳೆಯಬೇಡಿ, ಇನ್ನೊಂದು ನಿಮಿಷ ಬಿಡಿ.

ಇನ್ನೊಂದು ಕಾರಣ ಸಕ್ಕರೆ. ಈ ಅಳತೆಗೆ ಎರಡು ದೊಡ್ಡ ಚಮಚ ಮೀರಿದರೆ ಅದು ಕರಗಿ, ಕಂದಿ, ತಟ್ಟೆಗೆ ಗೋಂದಿನಂತೆ ಹಿಡಿಯುತ್ತದೆ. ಸಿಹಿ ಬೇಕಾದರೆ ಮೇಲಿನಿಂದ ಸುರಿದುಕೊಳ್ಳಿ.

ಯಾರೂ ಅನುಮಾನಿಸದ ಕಾರಣ ಡಬ್ಬಿಯ ಸ್ಪ್ರೇ ಎಣ್ಣೆ. ಅದರಲ್ಲಿ ಸಾಮಾನ್ಯವಾಗಿ ಇರುವ ಲೆಸಿಥಿನ್ ಎಂಬ ಕೊಬ್ಬಿನಂಥ ಪದಾರ್ಥ ಬಿಸಿಗೆ ಸುಟ್ಟು ನಾನ್‌ಸ್ಟಿಕ್ ಮೇಲೆ ಕಂದು ಜಿಗುಟು ಪೊರೆಯಾಗುತ್ತದೆ. ಅಂಟದಿರಲಿ ಅಂತ ಮತ್ತೆ ಸ್ಪ್ರೇ ಹೊಡೆದರೆ ಪೊರೆ ಇನ್ನೂ ದಪ್ಪ. ಮಾಮೂಲಿ ಅಡುಗೆ ಎಣ್ಣೆಯನ್ನು ಸಿಲಿಕೋನ್ ಬ್ರಷ್‌ನಲ್ಲಿ ಗೆರೆಗೆರೆಗೂ ಸವರಿ. ಮುಗಿದ ಮೇಲೆ ಪ್ಲಗ್ ತೆಗೆದು, ತಟ್ಟೆ ಉಗುರುಬೆಚ್ಚಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಿ.

ಪ್ಯಾನ್‌ಕೇಕ್‌ಗೆ ಇಷ್ಟು ಗೋಳಿಲ್ಲ, ಅದನ್ನು ಒಪ್ಪಲೇಬೇಕು. ಹಿಟ್ಟಿನಲ್ಲಿ ಸಣ್ಣ ಗಂಟು ಉಳಿದರೂ ಚಿಂತೆಯಿಲ್ಲ, ಜಾಸ್ತಿ ತಿರುವಿದರೇ ರಬ್ಬರ್ ಆಗುವುದು. ಮಧ್ಯಮ ಉರಿ, ಒಂದಕ್ಕೆ 60 ಮಿ.ಲೀ. ಹಿಟ್ಟು. ಮೇಲಿನ ಗುಳ್ಳೆ ಒಡೆದು ತೂತು ಮುಚ್ಚಿಕೊಳ್ಳದೆ ಹಾಗೇ ನಿಂತಾಗ ಮಗುಚಿ. ಉರಿ ಜೋರಾದರೆ ಹೊರಗೆ ಕಪ್ಪು, ನಡುವೆ ಹಸಿ.

ಆದರೆ ಮಗುಚಲು ಒಲೆ ಮುಂದೆ ನಿಂತೇ ಇರಬೇಕು. ವಾಫಲ್ ಮುಚ್ಚಳ ಹಾಕಿದರೆ ಬೇರೆ ಕೆಲಸಕ್ಕೆ ಕೈ ಖಾಲಿ.

ಬಿಸಿ ವಾಫಲ್‌ಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಆವಿಗೆ ಮೆತ್ತಗಾಗುತ್ತವೆ. ತಂತಿ ಜಾಲರಿಯ ಮೇಲೆ ಹರಡಿ.

ನನ್ನ ತೀರ್ಮಾನಕ್ಕೆ ಮುಖ್ಯ ಕಾರಣ ಫ್ರೀಜರ್. ರಜೆಯ ದಿನ ಹನ್ನೆರಡು ಮಾಡಿ, ಪೂರ್ತಿ ಆರಿಸಿ, ನಡುವೆ ಬೇಕಿಂಗ್ ಕಾಗದ ಇಟ್ಟು ಫ್ರೀಜ್ ಮಾಡಿದರೆ ವಾರದ ಬೆಳಗಿಗೆ ಆಯಿತು. ನೇರ ಟೋಸ್ಟರ್‌ಗೆ ಹಾಕಿದರೆ ಗರಿ ವಾಪಸ್. ಪ್ಯಾನ್‌ಕೇಕ್ ಬಿಸಿಯಾಗುತ್ತದೆ, ಅಷ್ಟೇ. ಹೀಗೆ ಮಾಡಿಡುವ ರೂಢಿ ಇಲ್ಲದವರು, ತಿಂಗಳಿಗೊಮ್ಮೆ ಮಾತ್ರ ಮಾಡುವವರು ಮೇಕರ್‌ಗೆ ದುಡ್ಡು ಹಾಕಬೇಡಿ. ಇರುವ ಪ್ಯಾನ್ ಸಾಕು. ಕೊಳ್ಳುವುದೇ ಆದರೆ ಸ್ವಲ್ಪ ಹೆಚ್ಚು ಕೊಟ್ಟು ತಟ್ಟೆ ಕಳಚಿ ತೊಳೆಯಬಹುದಾದದ್ದನ್ನೇ ತನ್ನಿ.